ಸೊನ್ನೆ ಇಡ್ಲಿ

ನಮ್ಮೂರಿನಲ್ಲಿ ಮದುವೆಗೆ ಪುರೋಹಿತರನ್ನು ಕರೆಯಲು ಮರೆತರೂ ನಡೆದೀತು, ರವಿಕೆ ಹೊಲಿದವರನ್ನು ಮರೆಯುವಂತಿಲ್ಲ. ರವಿಕೆ ಹೊಲಿಯುವವಳು ನನ್ನ ಅಮ್ಮ. ಹಾಗಾಗಿ ಊರಿನ ಎಲ್ಲ ಮದುವೆಗಳಲ್ಲೂ ಅವಳಿಗೆ ಮಂಟಪದ ಎದುರಿಗೇ ಕುರ್ಚಿ. ಮೊದಲ ಪಂಕ್ತಿಗೆ ಏಳುವಂತಿಲ್ಲ, ಪಕ್ಕದವರ ಜೊತೆ ಹರಟುವಂತಿಲ್ಲ, ಮದುಮಗಳ ರವಿಕೆಯ ಮೇಲಿಂದ ಕಣ್ಣು ಕೀಳುವಂತಿಲ್ಲ. ಒಂದು ಸಲ ಹಳೆಯ ಪರಿಚಯದವರೊಬ್ಬರು "ಏನ್ರೀ, ಚೆನ್ನಾಗಿದೀರಾ?" ಎಂದರೆಂದು ಅಮ್ಮ ಆ ಕಡೆ ತಿರುಗಿ ನಕ್ಕುಬಿಟ್ಟಳು. ನಕ್ಕು ಮುಗಿಸುವಷ್ಟರಲ್ಲಿ ರವಿಕೆಯ ಎಡತೋಳು ಕಳಚಿಕೊಂಡು ಮದುಮಗನ ಕೈಗೆ ಬಂದಿತ್ತು. ಎಲ್ಲರೂ ಹೋ ಎಂದು ಕೂಗಿದರು. ಅಮ್ಮ ಗಾಬರಿಯಿಂದ ಈ ಕಡೆ ತಿರುಗಿದಳು. ತೋಳು ಅದರ ಜಾಗದಲ್ಲೇ ಇತ್ತು.

"ಎಲ್ಲಿ ಬಿಚ್ಚಿದೆ? ಸರಿಯಾಗೇ ಇದೆಯಲ್ಲ!" ಎಂದಳು ಅಮ್ಮ. ಇವತ್ತಿಗೂ ಅವಳ ನಂಬಿಕೆ, ಆ ಮದುವೆಮನೆಯವರಿಗೆ ಕೂಲಿ ಕೊಡಲು ಮನಸ್ಸಿರಲಿಲ್ಲ, ಅದಕ್ಕೇ ಕತೆ ಕಟ್ಟಿದರು ಎಂದು.

ಅಮ್ಮನನ್ನು ಅಂದು ಪ್ರಯೋಜನವಿಲ್ಲ. ನಮ್ಮೂರಿನಲ್ಲಿ ಯಾವ ವಸ್ತುವೂ ಅದನ್ನು ಮಾಡಿದವರ ಕಣ್ಣೆದುರು ಕೆಡುವುದಿಲ್ಲ. ಕಣ್ಣು ತಪ್ಪಿದ ಕೂಡಲೇ ತನ್ನ ನಿಜಬುದ್ಧಿ ತೋರಿಸುತ್ತದೆ, ಕಣ್ಣು ಬಿದ್ದ ಕೂಡಲೇ ಮತ್ತೆ ಸಂಭಾವಿತವಾಗುತ್ತದೆ. ಆದ್ದರಿಂದ ಯಾರಿಗೂ ತಮ್ಮ ಕೈಕೆಲಸದ ಹುಳುಕು ಗೊತ್ತಿಲ್ಲ, ಪಕ್ಕದ ಮನೆಯವರ ಕೈಕೆಲಸದ್ದು ಚೆನ್ನಾಗಿ ಗೊತ್ತು. ಬೀಗ ಮಾಡುವ ಖಾದರ್ ಸಾಹೇಬರು ರಾತ್ರಿಯಿಡೀ ಪೇಟೆಬೀದಿಯ ಗೋಪುರದ ಮೇಲೆ ಕೂತು ತಮ್ಮ ಬೀಗಗಳನ್ನೆಲ್ಲ ದಿಟ್ಟಿಸುತ್ತಾರೆ, ಹಗಲು ಮಲಗುತ್ತಾರೆ. ಹೊಳೆಯ ಸೇತುವೆ ಕಟ್ಟಿದ ಮೇಸ್ತ್ರಿಗೆ ಸೇತುವೆಯ ಪಕ್ಕದಲ್ಲೇ ಮನೆ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ದೊಡ್ಡ ಫೋಟೋ ಒಂದನ್ನು ಅಲ್ಲಿ ತೂಗುಹಾಕಿದ್ದಾರೆ. ಸೇತುವೆ ಈಗ ಬೀಳುವುದಿಲ್ಲ, ಸ್ವಲ್ಪ ಅಲ್ಲಾಡುತ್ತದೆ ಅಷ್ಟೆ. ಫೋಟೋದ ಗಾಜಿಗೆ ಧೂಳು ಕೂತ ದಿನ ಜಾಸ್ತಿ ಅಲ್ಲಾಡುತ್ತದೆ.

ಇಂಥ ಊರಿನಲ್ಲಿ ಬಿಡುವಾಗಿ ಓಡಾಡುವವರು ಯಾರು? ಏನನ್ನೂ ಮಾಡದವರು. ಇದನ್ನು ನಾನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದೆ. ಅಮ್ಮ ನನ್ನನ್ನು ಒಂದು ಜಾತ್ರೆಗೂ ಕರೆದುಕೊಂಡು ಹೋದವಳಲ್ಲ, ಪಾಪ, ಅವಳಿಗೆ ಪ್ರತಿ ಲಗ್ನದಲ್ಲೂ ಯಾರದೋ ಬೆನ್ನು ನೋಡುವ ಕೆಲಸ. ಅದಕ್ಕೇ ನಾನು ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮತ್ತು ಗುಣಮಟ್ಟ ನಿರ್ವಹಣೆ ವಿಭಾಗಕ್ಕೆ ಸೇರಿದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು, ತಾನು ಮಾತ್ರ ಏನೂ ಮಾಡದಿರುವುದು. ಇದಕ್ಕಿಂತ ಒಳ್ಳೆಯ ಓದು ಯಾವುದಿದೆ? ಅಮ್ಮ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಪಾಸಾದ್ರೆ ನಿನ್ನಿಷ್ಟ, ಚೂಡಾಮಣಿ. ಫೇಲಾದ್ರೆ ಸುಮ್ನೆ ಬಂದು ನನ್ನ ಪಕ್ಕ ಕೂತ್ಕೊಂಡು ಹೊಲಿಗೆ ಕಲಿಬೇಕು. ಎರಡನೇ ಮಿಷಿನ್ನು ಆಗಲೇ ತಂದಿಟ್ಟಿದೀನಿ."

ಆ ಎರಡನೇ ಮಿಷಿನ್ನು ನಡುಮನೆಯ ಮೂಲೆಯಲ್ಲಿ ಹಳೇ ಸೀರೆ ಹೊದ್ದು ಕೂತಿತ್ತು. ರಜೆಗೆ ಮನೆಗೆ ಹೋದಾಗಲೆಲ್ಲ ಅದು ನನ್ನನ್ನೇ ಕಾಯುತ್ತಿರುವ ಹಾಗೆ ಅನಿಸುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಆರಾಧ್ಯ ಸರ್. ಮೊದಲ ವರ್ಷ ಅವರು ನಮಗೆ ಕಲಿಸಿದ್ದು ಕಣ್ತಪ್ಪಿಸುವುದನ್ನು. ಬೇರೆ ಊರುಗಳ ವಿದ್ಯಾರ್ಥಿಗಳು ಮೊದಲ ವರ್ಷ ಏನು ಕಲಿಯುತ್ತಾರೋ ನಾನರಿಯೆ, ನಮ್ಮಲ್ಲಿ ಮಾತ್ರ ಪ್ರೋಗ್ರಾಂ ಬರೆದವನು ಪರದೆ ನೋಡುತ್ತಾ ಕೂತಿರುವವರೆಗೆ ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಅವನನ್ನು ಮೊದಲು ಆಚೆ ನೋಡುವಂತೆ ಮಾಡಬೇಕು. "ಕಾಫಿ ಆರ್ತಾ ಇದೆ" ಎನ್ನುವುದು ಮೊದಲ ಪಾಠ. "ನಿಮ್ಮ ಸಂಬಳದ ವಿಷಯ ಮಾತಾಡ್ತಿದ್ರು" ಎನ್ನುವುದು ಅದಕ್ಕಿಂತ ಬಲವಾದದ್ದು. ತೀರಾ ಜಗ್ಗದವರಿಗೆ ಹಾವು. ಪ್ರಾಯೋಗಿಕ ತರಗತಿಯಲ್ಲಿ ನಾವೆಲ್ಲ ಸರದಿಯ ಮೇಲೆ "ಹಾವು ಹಾವು" ಎಂದು ಕೂಗುತ್ತಿದ್ದೆವು, ಸರ್ ಒಬ್ಬೊಬ್ಬರ ಕೂಗಿಗೂ ಅಂಕ ಹಾಕುತ್ತಿದ್ದರು.

ಎರಡನೇ ವರ್ಷ, ತಪ್ಪು ಎಲ್ಲಿ ಅಡಗಿರುತ್ತದೆ ಎಂಬುದನ್ನು ಕಲಿಸಿದರು. "ತಪ್ಪುಗಳು ಮಧ್ಯದಲ್ಲಿ ಇರಲ್ಲ ಕಣ್ರಮ್ಮ, ಅಂಚಲ್ಲಿ ಇರ್ತವೆ. ಐವತ್ತು ಕೊಟ್ಟರೆ ಎಂಥ ಪ್ರೋಗ್ರಾಮೂ ಓಡುತ್ತೆ. ಸೊನ್ನೆ ಕೊಡಿ. ಮೊದಲು ಸೊನ್ನೆ ಕೊಡಿ. ಸೊನ್ನೆ ಬರಬಹುದು ಅಂತ ಬರೆದವನಿಗೆ ಕನಸಲ್ಲೂ ಹೊಳೆದಿರಲ್ಲ" ಎಂದು ಮೇಜು ಕುಟ್ಟಿ ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಎಂಥ ಕಳೆ! ನಿಜಕ್ಕೂ ಒಳ್ಳೆಯ ಮೇಷ್ಟರು. ನನಗೆ ಅವರೆಂದರೆ ಬಲು ಪ್ರೀತಿ, ಅದೇ ಮುಂದೆ ತೊಂದರೆಗೆ ಬಂತು.

ಮೂರನೇ ವರ್ಷದ್ದು ಗುಣಮಟ್ಟ ನಿರ್ವಹಣೆ. ಅದು ಎಲ್ಲಕ್ಕಿಂತ ಕಷ್ಟ. ತಪ್ಪು ಹುಡುಕಿದರೆ ಸಾಲದು, ಮಾಡಿದವರ ಬಾಯಿಂದಲೇ "ಹೌದು, ನನ್ನದರಲ್ಲಿ ತಪ್ಪಿದೆ" ಎಂದು ಹೇಳಿಸಬೇಕು. ಪರೀಕ್ಷಕರ ಎದುರು, ಜೋರಾಗಿ. ಅವರು ಹೇಳಿದರೆ ನಾವು ಪಾಸು, ಹೇಳದಿದ್ದರೆ ಫೇಲು. ತಮ್ಮ ಕಣ್ಣಿಗೆ ಎಂದೂ ಕಾಣದ ತಪ್ಪನ್ನು ಒಪ್ಪಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಕೆಲವರು ಅತ್ತು ಹೇಳಿಸುತ್ತಿದ್ದರು, ಕೆಲವರು ದಮ್ಮಯ್ಯ ಹಾಕಿ. ಯಾವ ಪ್ರೋಗ್ರಾಂ ಯಾರಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ನನ್ನ ಗೆಳತಿ ನಸೀಮಾಗೆ, ಅಂದರೆ ಖಾದರ್ ಸಾಹೇಬರ ಮಗಳಿಗೆ, ಗ್ರಂಥಾಲಯದ ಪ್ರೋಗ್ರಾಂ ಬಂತು. ಅದನ್ನು ಬರೆದಾತ ಕಾಫಿ ಎಂದರೆ ಬಾಯಿಬಿಡುವವನು. ಅವಳ ಕೆಲಸ ಒಂದು ಲೋಟದಲ್ಲಿ ಮುಗಿದುಹೋಯಿತು.

ನನ್ನ ಚೀಟಿಯಲ್ಲಿ "ಮೆಸ್ಸು" ಎಂದಿತ್ತು. ತರಗತಿಯವರೆಲ್ಲ ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದರು.

ಮೆಸ್ಸಿನ ಪ್ರೋಗ್ರಾಂ ಬರೆದವರು ಸ್ವತಃ ಆರಾಧ್ಯ ಸರ್. ನಾಳೆ ತಿಂಡಿಗೆ ಎಷ್ಟು ಜನ ಎಂದು ಅದಕ್ಕೆ ಹೇಳಿದರೆ, ಅದು ಲೆಕ್ಕ ಹಾಕಿ ಪಕ್ಕದ ಅಡುಗೆಮನೆಯಲ್ಲಿರುವ ಇಡ್ಲಿ ಯಂತ್ರಕ್ಕೆ ಅಪ್ಪಣೆ ಕೊಡುತ್ತದೆ. ಯಂತ್ರ ಹೊರಗಿನಿಂದ ತರಿಸಿದ್ದು, ಮಾಡಿದವರು ಯಾರೋ ಏನೋ, ಹೇಳಿದಷ್ಟು ಮಾಡಿಕೊಂಡು ತೆಪ್ಪಗಿರುತ್ತದೆ. ಪ್ರೋಗ್ರಾಂ ಓಡುವಷ್ಟು ಹೊತ್ತೂ ಸರ್ ಅದರ ಎದುರು ಕೂತಿರುತ್ತಾರೆ, ಎದ್ದು ಹೋಗುವಾಗ ಆರಿಸಿ ಬೀಗ ಹಾಕುತ್ತಾರೆ. ಹನ್ನೊಂದು ವರ್ಷದಿಂದ ಒಂದು ದಿನ ರಜೆ ಹಾಕಿಲ್ಲ. ಒಂದು ಇಡ್ಲಿ ಹೆಚ್ಚು ಕಡಿಮೆ ಆಗಿಲ್ಲ. "ಅದರಲ್ಲಿ ತಪ್ಪಿಲ್ಲ, ಇದ್ದಿದ್ರೆ ಇಷ್ಟು ದಿನದಲ್ಲಿ ನನಗೆ ಕಾಣ್ತಿರಲಿಲ್ವಾ?" ಎನ್ನುತ್ತಿದ್ದರು. ಇಡೀ ಊರಿಗೆ ಕಣ್ತಪ್ಪಿಸುವ ವಿದ್ಯೆ ಕಲಿಸಿದ ಮನುಷ್ಯ ಹೀಗೆ ಅನ್ನುವುದನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಹಿಂದೆ ಈ ಚೀಟಿ ಎತ್ತಿದವರಲ್ಲಿ ಒಬ್ಬ ಮಠ ಸೇರಿದ್ದ. ಇನ್ನೊಬ್ಬ ಅದೇ ಮೆಸ್ಸಿನಲ್ಲಿ ಕೂಪನ್ ಹರಿಯುತ್ತಿದ್ದ.

ನಾನು ಜಾಣತನ ಮಾಡಲು ಹೋದೆ. ಸರ್ ಎದುರಿಗಿದ್ದರೂ ತಪ್ಪು ಕಂಡುಹಿಡಿಯುವಂಥ ಒಂದು ಪರೀಕ್ಷಾ ಪ್ರೋಗ್ರಾಂ ಅನ್ನು ನಾನೇ ಬರೆದೆ. ವಾರಗಟ್ಟಲೆ ಕೂತು ಬರೆದದ್ದು. ಅದನ್ನು ತೆಗೆದುಕೊಂಡು ಹೋಗಿ ಮೆಸ್ಸಿನ ಕಂಪ್ಯೂಟರಿಗೆ ಜೋಡಿಸಿದೆನೋ ಇಲ್ಲವೋ, ಕೆಂಪಕ್ಷರಗಳು ಸಾಲುಸಾಲಾಗಿ ಬಂದವು: ಇಲ್ಲಿ ತಪ್ಪು, ಅಲ್ಲಿ ತಪ್ಪು, ಎಲ್ಲೆಲ್ಲೂ ತಪ್ಪು. ನಾನು ಕುಣಿದಾಡುತ್ತಾ ಹಾಸ್ಟೆಲಿಗೆ ಬಂದು ನಸೀಮಾಳನ್ನು ತಬ್ಬಿಕೊಂಡೆ.

ನಸೀಮಾ ಎಲ್ಲ ಕೇಳಿಸಿಕೊಂಡು, "ಅದನ್ನ ಬರೆದಿದ್ದು ಯಾರೇ?" ಎಂದಳು.

"ನಾನೇ ಕಣೇ! ಒಂದು ಸಲವೂ ಕೈಕೊಡಲಿಲ್ಲ ಗೊತ್ತಾ."

"ಸರಿ. ನಮ್ಮ ರೂಮಿನ ಫ್ಯಾನಿಗೆ ಜೋಡ್ಸು ನೋಡೋಣ."

ಫ್ಯಾನಿಗೆ ಜೋಡಿಸಿದೆ. ಫ್ಯಾನಿನಲ್ಲಿ ನೂರೆಂಟು ತಪ್ಪುಗಳಿವೆ ಎಂದಿತು. ನಸೀಮಾಳ ಚಪ್ಪಲಿಯ ಪಕ್ಕ ಇಟ್ಟೆ. ಚಪ್ಪಲಿಯಲ್ಲೂ ತಪ್ಪು, ಅದೂ ಗಂಭೀರ ಸ್ವರೂಪದ್ದು. ನಾನು ಆಚೆ ತಿರುಗಿ ನಿಂತೆ, ನಸೀಮಾ ನೋಡಿದಳು. ಪರದೆ ಖಾಲಿಯಂತೆ.

"ತಪ್ಪು ಹುಡುಕೋದೇ ಅದರ ಕೆಲಸ. ಮಾಡಿದವಳು ನೀನು ಎದುರಿಗೆ ನಿಂತಿರುವಾಗ ಅದು ತನ್ನ ಕೆಲಸ ಸರಿಯಾಗಿ ಮಾಡ್ತಿದೆ ಅಂತ ತೋರಿಸ್ಕೊಳ್ಳದೆ ಇನ್ನೇನು ಮಾಡುತ್ತೆ?" ಎಂದಳು ನಸೀಮಾ. "ಮೂರು ವರ್ಷ ಓದಿದೀಯ, ನಿಮ್ಮಮ್ಮನ ಮಗಳೇ ನೀನು."

ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಏನನ್ನೂ ಮಾಡಬಾರದು ಎಂದು ಈ ಓದಿಗೆ ಬಂದವಳು ಮೊದಲ ಅವಕಾಶದಲ್ಲೇ ಏನೋ ಒಂದನ್ನು ಮಾಡಿಟ್ಟು, ಅದರ ಎದುರು ಕೂತು ಮೆರೆದಿದ್ದೆ. ಆ ಪ್ರೋಗ್ರಾಮನ್ನು ಅಂದೇ ಅಳಿಸಿಹಾಕಿದೆ.

ಇನ್ನು ಉಳಿದದ್ದು ಹಳೆಯ ದಾರಿ. ಸರ್ ಕಣ್ಣು ತಪ್ಪಿಸುವುದು, ಸೊನ್ನೆ ಕೊಡುವುದು. ಮೆಸ್ಸಿನಲ್ಲಿ ಯಾವತ್ತೂ ಸೊನ್ನೆ ಜನ ಇದ್ದದ್ದಿಲ್ಲ, ರಜೆಯಲ್ಲೂ ಯಾರಾದರೂ ಗತಿಯಿಲ್ಲದವರು ಇದ್ದೇ ಇರುತ್ತಿದ್ದರು. ಆದ್ದರಿಂದ ಸೊನ್ನೆ ಕೊಟ್ಟರೆ ಏನಾಗುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ನಾನು ಕಾಫಿ ತೆಗೆದುಕೊಂಡು ಹೋದೆ. ಸರ್ ಪರದೆಯ ಮೇಲಿನ ಕಣ್ಣು ಕದಲಿಸದೆ ಕೈಚಾಚಿ ಲೋಟ ಹಿಡಿದು, ಕುಡಿದು, "ಸಕ್ಕರೆ ಜಾಸ್ತಿಯಾಯ್ತಮ್ಮ" ಎಂದರು. ಸಂಬಳದ ಮಾತೆತ್ತಿದೆ. "ಹೆಚ್ಚು ಮಾಡಿದ್ರೆ ಬ್ಯಾಂಕಿಗೆ ಬರುತ್ತೆ ಬಿಡು" ಎಂದರು. ಹಾವು ಎಂದು ಕೂಗಿದೆ. "ಸ್ವರ ಇನ್ನೂ ಸ್ವಲ್ಪ ನಡುಗಬೇಕು. ಹತ್ತಕ್ಕೆ ಆರು" ಎಂದರು. ಅಡುಗೆಯ ಸೂರಪ್ಪನವರು ಮಾತ್ರ ಹಾವು ಎಂದದ್ದನ್ನು ಕೇಳಿ ಸಾಂಬಾರಿನ ಸೌಟು ಬಿಸಾಕಿ ಓಡಿಹೋದರು, ಅವರನ್ನು ಹುಡುಕಿ ಕರೆತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಕೊನೆಗೆ ಬೇರೆ ದಾರಿ ಕಾಣದೆ ಸರ್ ಮನೆಗೇ ಹೋದೆ, ಅವರಿಲ್ಲದ ಹೊತ್ತು ನೋಡಿಕೊಂಡು. ಅವರ ಹೆಂಡತಿ ದಾಕ್ಷಾಯಿಣಮ್ಮನವರು ಬಾಗಿಲು ತೆರೆದರು. ಚುರುಕು ಹೆಂಗಸು. ಜಗುಲಿಯ ಮೇಲೆ ಕೂರಿಸಿ ಅವಲಕ್ಕಿ ಕೊಟ್ಟರು.

"ಅಮ್ಮಾ, ಸರ್ ಯಾವುದಕ್ಕೆ ತಿರುಗಿ ನೋಡ್ತಾರೆ ಹೇಳಿ. ನನ್ನ ಬದುಕಿನ ಪ್ರಶ್ನೆ" ಎಂದೆ.

ಅವರು ನಕ್ಕರು. "ನನ್ನನ್ನ ಕೇಳ್ತೀಯಲ್ಲ ತಾಯಿ. ನಮ್ಮಕ್ಕ ಸಮುದ್ರದ ಊರಲ್ಲಿದಾಳೆ. ಬಾ ಬಾ ಅಂತ ಕರೆದೂ ಕರೆದೂ ಅವಳಿಗೆ ಸಾಕಾಯ್ತು. ಇವರು ಆ ಡಬ್ಬದ ಮುಂದಿಂದ ಏಳಲ್ಲ, ಇವರನ್ನ ಬಿಟ್ಟು ನಾನು ಹೋಗಲ್ಲ. ಒಂದಿನ ಹೊಸ ಸೀರೆ ಉಟ್ಕೊಂಡು ಮೆಸ್ಸಿಗೇ ಹೋಗಿ ನಿಂತೆ. ಏನಂದ್ರು ಗೊತ್ತಾ? ಯಾರದು, ಕೂಪನ್ ಆಚೆ ಕೊಡ್ತಾರೆ ಅಂದ್ರು."

"ಹಾಗಾದ್ರೆ ನೀವೇ ಒಂದು ಸಲ ಬಂದು..."

"ಬೇಡಮ್ಮ. ಗಂಡನ ತಪ್ಪು ಗಂಡನಿಗೆ ತೋರಿಸೋ ಕೆಲಸ ನಾನು ಬಿಟ್ಟು ಬಹಳ ಕಾಲ ಆಯ್ತು. ಅವಲಕ್ಕಿ ತಿನ್ನು."

ಅವಲಕ್ಕಿ ಸಪ್ಪೆಯಿತ್ತು. ಅವರು ಎದುರಿಗೇ ಕೂತು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹದವಾಗಿದೆ ಎಂದು ತಲೆಯಾಡಿಸಿದರು. ನಾನು ತಟ್ಟೆ ಖಾಲಿ ಮಾಡಿ ಎದ್ದು ಬಂದೆ.

ವೈವಾ ಇದ್ದದ್ದು ಘಟಿಕೋತ್ಸವದ ಹಿಂದಿನ ದಿನ. ಪರೀಕ್ಷಕರೊಬ್ಬರು ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಹಿಂದಿನ ರಾತ್ರಿ ನಿದ್ದೆ ಆಗಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ನಸೀಮಾ ಧೈರ್ಯಕ್ಕೆಂದು ಬಂದಿದ್ದಳು. ಸರ್ ಎಂದಿನಂತೆ ಪರದೆಯ ಮುಂದೆ, ನಾನು ಪಕ್ಕದಲ್ಲಿ ಕೀಲಿಮಣೆ ಹಿಡಿದು. ಅಡುಗೆಮನೆಗೂ ಆ ಕೋಣೆಗೂ ನಡುವೆ ಗೋಡೆಯಿಲ್ಲ, ಸೊಂಟದೆತ್ತರದ ಕಟ್ಟೆಯೊಂದಿದೆ ಅಷ್ಟೆ. ಕಟ್ಟೆಯ ಆಚೆಯಿಂದ ಸೂರಪ್ಪನವರು ಕೈಮುಗಿದರು.

"ಸಾರ್, ಒಂದ್ ಮಾತು. ನಾಳೆ ಘಟಿಕೋತ್ಸವಕ್ಕೆ ಬರೋ ಇಡೀ ಊರಿಗೆ ಆಗೋವಷ್ಟು ಹಿಟ್ಟು ರುಬ್ಬಿ ಯಂತ್ರಕ್ಕೆ ತುಂಬಿಟ್ಟಿದೀನಿ. ಪರೀಕ್ಷೆ ಮುಗಿಯೋವರೆಗೂ ಯಂತ್ರದ ವೈರ್ ಕಿತ್ತಿಡ್ಲಾ?"

"ಯಾಕ್ರೀ ಕೀಳಬೇಕು?" ಎಂದರು ಸರ್, ಕಣ್ಣು ಪರದೆಯ ಮೇಲೆ. "ತಪ್ಪಿದ್ದರೆ ತಾನೇ ಹೆದರಿಕೆ? ಇರಲಿ ಬಿಡಿ."

ನಾನು ಒಂದು ಎಂದು ಒತ್ತಿದೆ. ಯಂತ್ರ ಗುರ್ ಎಂದು ಒಂದು ಇಡ್ಲಿಯನ್ನು ತಟ್ಟೆಗೆ ಬೀಳಿಸಿತು. ಪರೀಕ್ಷಕರು ಅದನ್ನು ತಿಂದರು. ಒಂದೂವರೆ ಎಂದು ಒತ್ತಿದೆ. "ದಯವಿಟ್ಟು ಪೂರ್ತಿ ಮನುಷ್ಯರನ್ನು ನಮೂದಿಸಿ" ಎಂದು ಪರದೆ ಹೇಳಿತು. ಸರ್ ಮೀಸೆಯಡಿಯಲ್ಲಿ ನಕ್ಕರು. ಆಮೇಲೆ ಎರಡೂ ಕೈ ಮುಗಿದು ದೇವರನ್ನು ನೆನೆದು ಸೊನ್ನೆ ಒತ್ತಿದೆ.

ಪರದೆಯ ಮೇಲೆ "ಜನ: ೦. ಇಡ್ಲಿ: ೦" ಎಂದು ಬಂತು. ಯಂತ್ರ ಉಸಿರೆತ್ತಲಿಲ್ಲ.

"ಸೊನ್ನೆ ಕೊಟ್ಟೆ, ಸೊನ್ನೆ ಬಂತು. ಮುಗೀತಲ್ವೇನಮ್ಮ?" ಎಂದರು ಸರ್ ಮೃದುವಾಗಿ. ಅವರ ದನಿಯಲ್ಲಿ ನನ್ನ ಬಗ್ಗೆ ಮರುಕವೂ ಇತ್ತು. ಪರೀಕ್ಷಕರು ಪೆನ್ನು ತೆಗೆದರು. ನನ್ನ ಕಣ್ಣೆದುರು ಮನೆಯ ಎರಡನೇ ಮಿಷಿನ್ನಿನ ಮೇಲಿನ ಹಳೇ ಸೀರೆ ತಾನಾಗಿ ಸರಿದು ಬಿದ್ದಂತಾಯಿತು. ಇನ್ನೇನು ನನ್ನ ಬೆನ್ನೂ ಕಣ್ಣೂ ಮದುವೆಮನೆಗಳ ಕುರ್ಚಿಯಲ್ಲೇ ಸವೆಯಬೇಕು ಎಂದು ದುಃಖ ಉಕ್ಕಿ ಬಂತು.

ಆಗ ಬಾಗಿಲಲ್ಲಿ ದಾಕ್ಷಾಯಿಣಮ್ಮನವರು ಕಾಣಿಸಿಕೊಂಡರು. ಕೈಯಲ್ಲಿ ಸೂಟ್‌ಕೇಸು.

"ರೀ, ನಾನು ಹೊರಟೆ."

"ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡ್ ಬಾ" ಎಂದರು ಸರ್, ಪರದೆ ನೋಡುತ್ತಲೇ.

"ಬರೋದು ಯಾವಾಗಲೋ ಗೊತ್ತಿಲ್ಲ. ಅಕ್ಕನ ಊರಿಗೆ ಹೊರಟಿದೀನಿ, ಸಮುದ್ರ ನೋಡಕ್ಕೆ. ನೀವು ನಿಮ್ಮ ಇಡ್ಲಿ ನೋಡ್ಕೊಂಡಿರಿ. ಬೀಗದ ಕೈ ಪಕ್ಕದ ಮನೇಲಿದೆ."

ಸರ್ ಕತ್ತು ತಿರುಗಿತು. ಹನ್ನೊಂದು ವರ್ಷ ತಿರುಗದ ಕತ್ತು, ತಿರುಗುವಾಗ ಲಟಕ್ಕೆಂದು ಸದ್ದು ಮಾಡಿತು. ಅವರು ಹೆಂಡತಿಯ ಮುಖವನ್ನೇ ನೋಡಿದರು. ನೋಡಿ, ಗೊಂದಲದಿಂದ ಕೇಳಿದರು: "ದಾಕ್ಷಾಯಿಣಿ, ನಿನಗೆ ಕನ್ನಡಕ ಯಾವಾಗ ಬಂತು?"

"ಬಂದು ಆರು ವರ್ಷ ಆಯ್ತು. ಇದು ಎರಡನೇದು."

"ನನಗೆ ಹೇಳಲೇ ಇಲ್ಲ."

"ಹೇಳಿದೆ. ಕೂಪನ್ ಆಚೆ ಕೊಡ್ತಾರೆ ಅಂದ್ರಿ."

ಅವರ ಬೆನ್ನ ಹಿಂದೆ ಪರದೆಯ ಮೇಲಿನ ಸೊನ್ನೆ ಒಮ್ಮೆ ನಡುಗಿತು. ಅದರ ಪಕ್ಕದಲ್ಲಿ ಒಂದು ಒಂಬತ್ತು ಬಂತು, ಮತ್ತೊಂದು ಬಂತು, ಒಂಬತ್ತುಗಳು ಸಾಲಾಗಿ ನುಗ್ಗಿ ಪರದೆಯ ಅಂಚು ಮುಟ್ಟಿದವು. ಯಂತ್ರ ಕೆಮ್ಮಿತು. ಮೊದಲ ಇಡ್ಲಿ ತಟ್ಟೆಗೆ ಬಿತ್ತು, ಎರಡನೆಯದು ತಟ್ಟೆಯನ್ನು ಉರುಳಿಸಿತು, ಆಮೇಲೆ ಎಣಿಸುವ ಮಾತೇ ಇರಲಿಲ್ಲ. ಹಬೆಯಾಡುವ ಇಡ್ಲಿಗಳು ದಬದಬನೆ ಸುರಿದು, ಕಟ್ಟೆ ಹತ್ತಿ, ಕಟ್ಟೆ ಇಳಿದು, ಕೋಣೆಯೊಳಗೆ ಬಂದವು. ಸೂರಪ್ಪನವರು "ಸಾ" ಎಂದು ಬಾಯಿ ತೆರೆದರು. "ರ್" ಎನ್ನುವಷ್ಟರಲ್ಲಿ ನಸೀಮಾ ಆ ಬಾಯಿಗೆ ಒಂದು ಇಡ್ಲಿ ತುರುಕಿದಳು. ನನ್ನ ಗೆಳತಿಯನ್ನು ನಾನು ಅವತ್ತಿನಷ್ಟು ಎಂದೂ ಪ್ರೀತಿಸಿಲ್ಲ.

"ಸ್ವಲ್ಪ ಸೊರಗಿದೀಯ" ಎನ್ನುತ್ತಿದ್ದರು ಸರ್.

"ಸೊರಗಿಲ್ಲ. ವಯಸ್ಸಾಗಿದೆ. ನಿಮಗೂ ಆಗಿದೆ, ಕನ್ನಡಿ ನೋಡ್ಕೊಳಿ."

"ಕಾಲ ಹತ್ರ ಏನೋ ಬಿಸಿ ಬಿಸಿ..."

"ಮಾತು ಮರೆಸಬೇಡಿ. ನಮ್ಮಕ್ಕನ ಮಗಳ ಮದುವೆಗೆ ಯಾಕೆ ಬರಲಿಲ್ಲ ಹೇಳಿ, ನನ್ನ ಮುಖ ನೋಡಿ ಹೇಳಿ."

ಸರ್ ಅವರ ಮುಖ ನೋಡಿಯೇ ಹೇಳತೊಡಗಿದರು. ಅದೊಂದು ಉದ್ದದ ಉತ್ತರ. ಉತ್ತರ ಮುಗಿಯುವ ಹೊತ್ತಿಗೆ ಇಡ್ಲಿ ನಮ್ಮ ಮೊಣಕಾಲು ಮುಟ್ಟಿತ್ತು, ಪರೀಕ್ಷಕರು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಿದ್ದರು. ಒಂದಷ್ಟು ಇಡ್ಲಿಗಳು ಬಾಗಿಲು ದಾಟಿ ಮೆಟ್ಟಿಲಿಳಿದು ಅಂಗಳದ ಕಡೆ ಹೋದವು. ಯಂತ್ರದೊಳಗಿನ ಹಿಟ್ಟು ಕೊನೆಗೂ ತಳ ಕಂಡಿರಬೇಕು, ಕಿರ್ ಎಂದು ವಿಕಾರವಾಗಿ ಕಿರುಚಿತು. ಸರ್ ಬೆಚ್ಚಿ ಪರದೆಯ ಕಡೆ ತಿರುಗಿದರು.

"ಜನ: ೦. ಇಡ್ಲಿ: ೦." ಒಂಬತ್ತುಗಳ ಸುಳಿವೇ ಇಲ್ಲ.

"ನೋಡಮ್ಮ ಚೂಡಾಮಣಿ, ಸೊನ್ನೆ ಅಂದ್ರೆ ಸೊ..." ಎಂದವರು ಅಲ್ಲಿಗೇ ನಿಂತರು.

ಪರದೆ ಅವರು ಮಾಡಿದ್ದು, ಅವರ ಕಣ್ಣು ಬಿದ್ದ ಕೂಡಲೇ ಸಂಭಾವಿತವಾಗಿತ್ತು. ಆದರೆ ಇಡ್ಲಿಗಳನ್ನು ಮಾಡಿದ್ದು ಅವರಲ್ಲ. ಹಿಟ್ಟು ಸೂರಪ್ಪನವರದು, ಬೇಯಿಸಿದ್ದು ಹೊರಗಿನ ಯಂತ್ರ. ಅವಕ್ಕೆ ಸರ್ ನೋಡಿದರೇನು ಬಿಟ್ಟರೇನು? ಬೆಳ್ಳಗೆ, ದುಂಡಗೆ, ಕೋಣೆಯ ತುಂಬ ಹಾಗೇ ಕೂತಿದ್ದವು. ತಪ್ಪನ್ನು ತೋರಿಸಲಾಗದಿದ್ದರೆ ತಪ್ಪು ಹೆತ್ತಿದ್ದನ್ನು ತೋರಿಸಬಹುದು ಎಂದು ಮೂರು ವರ್ಷದಲ್ಲಿ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮೊಣಕಾಲಿನವರೆಗೆ ಇಡ್ಲಿಯಲ್ಲಿ ನಿಂತಾಗ ಹೊಳೆಯಿತು.

ಸರ್ ಬಗ್ಗಿ ಒಂದು ಇಡ್ಲಿ ಎತ್ತಿಕೊಂಡರು. ಪರದೆ ನೋಡಿದರು, ಇಡ್ಲಿ ನೋಡಿದರು. ಮತ್ತೆ ಪರದೆ ನೋಡಿದರು. ಗೆಲ್ಲಬೇಕೆಂಬ ಆಸೆಗಿಂತ ಆ ಕ್ಷಣ ನನಗೆ ಅವರ ಮುಖ ನೋಡಿ ಅಯ್ಯೋ ಅನಿಸಿಬಿಟ್ಟಿತು, ಸುಳ್ಳು ಹೇಳುವುದಿಲ್ಲ.

"ಸೂರಪ್ಪ, ಇದೆಲ್ಲ ಎಷ್ಟು ಜನಕ್ಕೆ ಮಾಡಿದ್ದು?"

ಸೂರಪ್ಪನವರು ಬಾಯಲ್ಲಿದ್ದದ್ದನ್ನು ನುಂಗಿ, "ಯಾರಿಗೂ ಅಲ್ಲ ಸಾರ್" ಎಂದರು.

ಸರ್ ಇಡ್ಲಿ ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹೌದು, ನನ್ನದರಲ್ಲಿ ತಪ್ಪಿದೆ" ಎಂದರು.

"ಜೋರಾಗಿ ಹೇಳಬೇಕು ಅಂತ ನಿಯಮ" ಎಂದರು ಕುರ್ಚಿಯ ಮೇಲಿನ ಪರೀಕ್ಷಕರು.

"ಹೌದ್ರೀ! ನನ್ನದರಲ್ಲಿ ತಪ್ಪಿದೆ!" ಎಂದು ಸರ್ ಕೂಗಿದರು. ಕೂಗಿದ ಮೇಲೆ ಅವರ ಭುಜಗಳು ಸಡಿಲವಾದವು. ಭಾರದ ಮೂಟೆ ಕೆಳಗಿಟ್ಟವರ ಹಾಗೆ ಒಂದು ನಿಟ್ಟುಸಿರು ಬಿಟ್ಟು, "ಸೊನ್ನೆ! ನಾನೇ ಬಡ್ಕೋತಿದ್ದೆನಲ್ಲ, ಮೊದಲು ಸೊನ್ನೆ ಕೊಡಿ ಅಂತ! ಭೇಷ್ ಕಣಮ್ಮ" ಎಂದು ನಗತೊಡಗಿದರು. ನಗುತ್ತಾ ಸೂರಪ್ಪನವರ ಕಡೆ ತಿರುಗಿದರು. "ಅಂದ ಹಾಗೆ ಸೂರಪ್ಪ, ಇಡ್ಲಿಗೆ ಉಪ್ಪೇ ಇಲ್ಲವಲ್ರೀ."

ಸೂರಪ್ಪನವರು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು. "ಇಲ್ಲ ಸಾರ್, ಸರಿಯಾಗೇ ಇದೆಯಲ್ಲ!"

ಪ್ರೋಗ್ರಾಂ ತಿದ್ದುವುದು ಬಂದ ಮೇಲೆ ಎಂದು ಹೇಳಿ ಸರ್ ಅಂದೇ ಮಧ್ಯಾಹ್ನದ ಬಸ್ಸಿಗೆ ಹೆಂಡತಿಯ ಜೊತೆ ಹೊರಟುಬಿಟ್ಟರು. ದಾರಿಗೆಂದು ಕೊಟ್ಟ ಇಡ್ಲಿಯ ಗಂಟು ಸೂಟ್‌ಕೇಸಿಗಿಂತ ದೊಡ್ಡದಾಗಿತ್ತು. ಬಸ್ಸು ಹತ್ತುವಾಗ ದಾಕ್ಷಾಯಿಣಮ್ಮನವರು ನನ್ನ ಕಿವಿಯಲ್ಲಿ, "ನಿನಗೋಸ್ಕರ ಬಂದೆ ಅಂದ್ಕೋಬೇಡ. ನಿಜವಾಗ್ಲೂ ಹೊರಟಿದ್ದೆ" ಎಂದರು. ಅಷ್ಟರಲ್ಲಿ ಸರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅವಳೆಲ್ಲಿ ಅವಳೆಲ್ಲಿ ಎಂದು ಹುಡುಕುತ್ತಿದ್ದರು.

ಮರುದಿನ ಘಟಿಕೋತ್ಸವ. ಬಂದ ಅತಿಥಿಗಳಿಗೆಲ್ಲ ಇಡ್ಲಿ ಉಪ್ಪಿಟ್ಟು. ಅಮ್ಮ ನಾನು ಪಾಸಾದ ಸುದ್ದಿ ಕೇಳಿ ಒಂದೇ ರಾತ್ರಿಯಲ್ಲಿ ನನಗೊಂದು ನೇರಳೆ ಬಣ್ಣದ ರವಿಕೆ ಹೊಲಿದಿದ್ದಳು. ಎರಡನೇ ಮಿಷಿನ್ನು ಮಾರುತ್ತೇನೆ ಎಂದಳು, ಸ್ವಲ್ಪ ಬೇಜಾರಿನಿಂದಲೇ. ಅಭ್ಯಾಸಬಲದಿಂದ ಮುಂದಿನ ಸಾಲಿನ ನಡುಮಧ್ಯದ ಕುರ್ಚಿ ಹಿಡಿದು ನನ್ನ ಮೇಲೆ ಕಣ್ಣು ನೆಟ್ಟು ಕೂತಳು. ನಾನು ಕಪ್ಪು ಗೌನು ಹೊದ್ದು ವೇದಿಕೆ ಹತ್ತಿದೆ. ಹೆಸರು ಕೂಗಿದರು. ಪದವಿಪತ್ರಕ್ಕೆ ಕೈಚಾಚಿ ಅಮ್ಮನ ಕಡೆ ನೋಡಿದೆ.

ಅಮ್ಮ ಅಳುತ್ತಿದ್ದಳು. ಸೆರಗು ಎತ್ತಿ ಎರಡೂ ಕಣ್ಣು ಒತ್ತಿ ಹಿಡಿದುಕೊಂಡಿದ್ದಳು. ಗೌನಿನೊಳಗೆ ರವಿಕೆಯ ಎಡತೋಳು ಮೆಲ್ಲಗೆ ಬಿಚ್ಚಿಕೊಂಡು ಜಾರಿ, ಮಣಿಕಟ್ಟು ದಾಟಿ, ಪದವಿಪತ್ರದ ಜೊತೆಗೆ ನನ್ನ ಕೈಗೇ ಬಂದು ಕೂತಿತು. ನಾನು ಎರಡನ್ನೂ ಸೇರಿಸಿ ಎದೆಗೆ ಒತ್ತಿಕೊಂಡು ಕೆಳಗಿಳಿದೆ.

ಅಷ್ಟರಲ್ಲಿ ಅಮ್ಮ ಸೆರಗು ತೆಗೆದು, ಮೂಗು ಸೀಟಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ದಿನ ಯಾವ ಮದುಮಗಳನ್ನೂ ಕೇಳಿರದ ಪ್ರಶ್ನೆಯನ್ನು ಅಂದು ಯಾಕೋ ಅಳುಕುತ್ತಾ ನನ್ನನ್ನು ಕೇಳಿದಳು.

"ರವಿಕೆ ಸರಿಯಾಗಿದೆ ತಾನೇ, ಚೂಡಾಮಣಿ? ನೀನು ಓದಿದವಳು, ನಿಜ ಹೇಳು."

ಮಾಡಿದವರ ಬಾಯಿಂದ ತಪ್ಪು ಒಪ್ಪಿಸುವುದರಲ್ಲಿ ನಾನು ಆಗ ತಾನೇ ಪದವಿ ಪಡೆದಿದ್ದೆ. ಗೌನಿನೊಳಗೆ ಕೈಯಾಡಿಸಿ ನೋಡಿದೆ. ತೋಳು ಅದರ ಜಾಗದಲ್ಲಿತ್ತು.

"ಸರಿಯಾಗೇ ಇದೆ ಅಮ್ಮ" ಎಂದೆ. ಅವಳು ನೋಡುತ್ತಲೇ ಇದ್ದುದರಿಂದ ಅದು ಸುಳ್ಳೂ ಆಗಿರಲಿಲ್ಲ.